ಎಕ್ಟೋ, ಎಕ್ಸೋ, ಎಕ್: ‘ಹೊರಗೆ’ ಎನ್ನುವ ವೈದ್ಯಕೀಯ ಪದಗಳನ್ನು ಬಿಡಿಸುವುದು ಹೇಗೆ

ಎಕ್ಟೋಡರ್ಮ್, ಎಕ್ಟೋಪಿಕ್, ಅಪೆಂಡೆಕ್ಟಮಿ. ಮೂರರಲ್ಲೂ ‘ಎಕ್ಟ್’ ಎಂಬ ಸದ್ದು ಕೇಳಿಸುತ್ತದೆ. ಆದರೆ ‘ಹೊರಗಿನ’ ಎಂಬ ಅರ್ಥದ ಎಕ್ಟೋ ಇರುವುದು ಮೊದಲನೆಯದರಲ್ಲಿ ಮಾತ್ರ. ಉಳಿದ ಎರಡರಲ್ಲಿ ಇರುವುದು ‘ಎಕ್’ ಎಂಬ ಬೇರೆಯೇ ತುಣುಕು. ಅದರ ಬೆನ್ನಿಗಿರುವ ಟಕಾರ ಮುಂದಿನ ಪದದ ಸ್ವತ್ತು.

ಜೀವಶಾಸ್ತ್ರ, ನರ್ಸಿಂಗ್, ಲ್ಯಾಬ್ ತಂತ್ರಜ್ಞಾನ ಓದುವವರೂ ವೈದ್ಯಕೀಯ ಬರಹವನ್ನು ಕನ್ನಡಕ್ಕೆ ತರುವವರೂ ಹೆಚ್ಚಾಗಿ ಎಡವುವ ಜಾಗ ಇದು. ಪಟ್ಟಿ ಉರು ಹೊಡೆದರೆ ಇಪ್ಪತ್ತು ಪದ ನೆನಪಿರಬಹುದು, ಇಪ್ಪತ್ತೊಂದನೆಯದು ಕೈಕೊಡುತ್ತದೆ. ಅದಕ್ಕಿಂತ ಪದವನ್ನು ಸರಿಯಾದ ಜಾಗದಲ್ಲಿ ಒಡೆಯುವುದನ್ನು ಕಲಿಯುವುದು ಮೇಲು. ಸಂಧಿ ಬಿಡಿಸಿ ಅಭ್ಯಾಸವಿದ್ದವರಿಗೆ ಇದು ಹೊಸ ವಿದ್ಯೆಯೇನಲ್ಲ.

ಮೊದಲು ಮೂರು ತುಣುಕುಗಳನ್ನು ಬೇರೆ ಮಾಡಿಕೊಳ್ಳಿ

ಗ್ರೀಕಿನ ‘ಎಕ್ಟೋಸ್’ ಎಂದರೆ ಹೊರಗೆ ಇರುವುದು. ಅದು ಸ್ಥಾನ ಹೇಳುತ್ತದೆ. ‘ಎಕ್ಸೋ’ ಎಂದರೂ ಹೊರಗೆ ಎಂದೇ, ಆದರೆ ಅದಕ್ಕೆ ‘ಹೊರಕ್ಕೆ’ ಎಂಬ ದಿಕ್ಕಿನ ಛಾಯೆಯೂ ಇದೆ. ‘ಎಕ್’ ಮಾತ್ರ ಉಪಸರ್ಗದಂಥದು. ‘ಒಳಗಿಂದ ಆಚೆಗೆ’, ‘ಇದ್ದಲ್ಲಿಂದ ಹೊರಗೆ’ ಎಂಬುದು ಅದರ ಅರ್ಥ.

ನಮ್ಮಲ್ಲಿ ಇದಕ್ಕೆ ಹತ್ತಿರದ ಜೋಡಿ ಬಹಿಸ್ ಮತ್ತು ನಿಸ್. ಬಹಿರಂಗ, ಬಾಹ್ಯ ಎಂದಾಗ ಹೊರಗಿರುವುದನ್ನು ಹೇಳುತ್ತೇವೆ. ನಿರ್ಗಮನ, ನಿಷ್ಕ್ರಮಣ ಎಂದಾಗ ಆಚೆ ಹೋಗುವುದನ್ನು ಹೇಳುತ್ತೇವೆ. ಎಕ್ಟೋ ನಮ್ಮ ಬಹಿಸ್, ಎಕ್ ನಮ್ಮ ನಿಸ್. ಎಕ್ಸೋ ಇವೆರಡರ ನಡುವೆ ಓಡಾಡುತ್ತದೆ.

ಹೋಲಿಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮುಂದಿನ ಅಕ್ಷರ ನೋಡಿಕೊಂಡು ನಿಸ್ ಎಂಬುದು ನಿರ್, ನಿಶ್, ನಿಷ್ ಆಗುವಂತೆ ಗ್ರೀಕಿನ ಎಕ್ ಕೂಡ ರೂಪ ಬದಲಿಸುತ್ತದೆ. ಮುಂದೆ ವ್ಯಂಜನವಿದ್ದರೆ ‘ಎಕ್’, ಸ್ವರವಿದ್ದರೆ ‘ಎಕ್ಸ್’. ಈ ಒಂದು ನಿಯಮ ಗೊತ್ತಿದ್ದರೆ ಅರ್ಧ ಗೊಂದಲ ಹೋಗುತ್ತದೆ. ‘ಟೋಪೋಸ್’ ಎಂದರೆ ಜಾಗ, ಟಕಾರದಿಂದ ಶುರು. ಹಾಗಾಗಿ ಎಕ್ + ಟೋಪೋಸ್, ಎಕ್ಟೋಪಿಕ್, ಅಂದರೆ ‘ಜಾಗ ತಪ್ಪಿದ’. ‘ಆಫ್ತಾಲ್ಮೋಸ್’ ಎಂದರೆ ಕಣ್ಣು, ಸ್ವರದಿಂದ ಶುರು. ಹಾಗಾಗಿ ಎಕ್ಸ್ + ಆಫ್ತಾಲ್ಮೋಸ್, ಎಕ್ಸಾಫ್ತಾಲ್ಮೋಸ್, ಅಂದರೆ ಕಣ್ಣುಗುಡ್ಡೆ ಮುಂದಕ್ಕೆ ಚಾಚಿಕೊಳ್ಳುವುದು.

ಎಲ್ಲಿ ಕತ್ತರಿಸಬೇಕು

ಪರೀಕ್ಷೆ ಸುಲಭ. ಪದದಿಂದ ‘ಎಕ್ಟೋ’ ತೆಗೆದುಹಾಕಿ. ಉಳಿದದ್ದು ತನ್ನ ಕಾಲ ಮೇಲೆ ನಿಲ್ಲುವ ಪದವೇ ನೋಡಿ. ಡರ್ಮ್, ಪ್ಲಾಸ್ಮ್, ಪ್ಯಾರಸೈಟ್, ಸರ್ವಿಕ್ಸ್, ಥ್ರಿಕ್ಸ್ ಎಲ್ಲವೂ ನಿಲ್ಲುತ್ತವೆ, ಅರ್ಥವೂ ಇದೆ. ಎಕ್ಟೋಪಿಕ್‌ನಿಂದ ಎಕ್ಟೋ ತೆಗೆದರೆ ಉಳಿಯುವುದು ‘ಪಿಕ್’. ಅದಕ್ಕೆ ಅರ್ಥವೇ ಇಲ್ಲ. ಅಲ್ಲಿಗೆ ಅದು ಎಕ್ಟೋ ಅಲ್ಲ ಎಂದಾಯಿತು. ಒಂದು ಅಕ್ಷರ ಹಿಂದೆ ಸರಿದು ‘ಎಕ್’ ಹತ್ತಿರ ಕತ್ತರಿಸಿ.

ಎಕ್ಸೋಗೂ ಇದೇ ಪರೀಕ್ಷೆ. ಎಕ್ಸೋಟಾಕ್ಸಿನ್, ಎಕ್ಸೋಸೈಟೋಸಿಸ್, ಎಕ್ಸೋಸ್ಕೆಲಿಟನ್ ಸಲೀಸಾಗಿ ಒಡೆಯುತ್ತವೆ. ಆದರೆ ಎಕ್ಸಾಸ್ಟೋಸಿಸ್‌ನಿಂದ ಎಕ್ಸೋ ತೆಗೆದರೆ ‘ಸ್ಟೋಸಿಸ್’ ಉಳಿದು ಏನೂ ಹೊಳೆಯುವುದಿಲ್ಲ. ಆ ಸ್ವರ ‘ಆಸ್ಟಿಯೋನ್’ ಎಂಬ ಮೂಳೆಯ ಪದಕ್ಕೆ ಸೇರಿದ್ದು. ಎಕ್ಸ್ + ಆಸ್ಟಿಯೋನ್ + ಓಸಿಸ್, ಮೂಳೆಯ ಮೇಲಿಂದ ಹೊರಕ್ಕೆ ಬೆಳೆದ ಮೂಳೆಗಂಟು. ಎಕ್ಸಾಂಫಲೋಸ್‌ನಲ್ಲಿ ಇರುವುದು ‘ಆಂಫಲೋಸ್’, ಹೊಕ್ಕುಳು. ಹುಟ್ಟುವ ಮಗುವಿನ ಕರುಳು ಹೊಕ್ಕುಳಬಳ್ಳಿಯ ಬುಡದಲ್ಲಿ ಪೊರೆಯ ಚೀಲದೊಳಗೆ ಹೊರಚಾಚಿರುವ ಸ್ಥಿತಿ ಅದು. ಎಕ್ಸೋಡಾಂಟಿಯಾ ಎನ್ನುವುದನ್ನು ‘ಹೊರಹಲ್ಲು’ ಎಂದು ಅನುವಾದಿಸಿಬಿಡುವ ಆಸೆ ಹುಟ್ಟುತ್ತದೆ. ಅದು ಎಕ್ಸ್ + ಓಡಾಂಟ್, ಹಲ್ಲು ಕೀಳುವ ವಿದ್ಯೆ.

ಕೆಲವು ಪದಗಳಲ್ಲಿ ‘ಎಕ್’ ನಡುವೆ ಅಡಗಿ ಕುಳಿತಿರುತ್ತದೆ. ‘ಎಕ್ಟಾಸಿಸ್’ ಎಂದರೆ ಹಿಗ್ಗುವುದು, ಹರಡಿಕೊಳ್ಳುವುದು. ಎಕ್ ಜೊತೆಗೆ ‘ಎಳೆ’ ಎಂಬರ್ಥದ ಧಾತು ಸೇರಿ ಆದದ್ದು. ಶ್ವಾಸನಾಳಗಳು ಶಾಶ್ವತವಾಗಿ ಹಿಗ್ಗಿಹೋದರೆ ಬ್ರಾಂಕಿಎಕ್ಟಾಸಿಸ್. ಚರ್ಮದಲ್ಲಿ ಕಿರುರಕ್ತನಾಳಗಳು ಹಿಗ್ಗಿ ಕೆಂಪು ಎಳೆಗಳಂತೆ ಕಂಡರೆ ಟೆಲಾಂಜಿಎಕ್ಟೇಸಿಯಾ. ಅಟೆಲೆಕ್ಟಾಸಿಸ್ ಇದರ ತಿರುವು: ‘ಅಟೆಲೇಸ್’ ಎಂದರೆ ಅಪೂರ್ಣ, ಶ್ವಾಸಕೋಶ ಪೂರ್ತಿ ಅರಳದೆ ಕುಸಿದಿರುವುದು. ಈ ಮೂರರಲ್ಲೂ ‘ಹೊರಗಿನ’ ಎಂದು ಹುಡುಕಿದರೆ ಸಿಕ್ಕುವುದಿಲ್ಲ.

ಶಸ್ತ್ರಚಿಕಿತ್ಸೆಯ ‘ಎಕ್ಟಮಿ’

ಆಸ್ಪತ್ರೆಯ ಕಾಗದಗಳಲ್ಲಿ ಅತಿ ಹೆಚ್ಚು ಕಾಣುವ ‘ಎಕ್ಟ್’ ಇದೇ. ಎಕ್ + ಟೋಮೆ, ಕತ್ತರಿಸಿ ಹೊರತೆಗೆಯುವುದು. ಇದು ಪದದ ಕೊನೆಗೆ ಬರುತ್ತದೆ, ಎಕ್ಟೋ ಸಾಮಾನ್ಯವಾಗಿ ಮುಂದೆ ಬರುತ್ತದೆ. ಜಾಗ ನೋಡಿದರೆ ಸಾಕು, ಎರಡನ್ನೂ ಬೇರೆ ಮಾಡಬಹುದು.

ಇಲ್ಲಿ ಗೊಂದಲ ಬರುವುದು ಎಕ್ಟೋ ಜೊತೆಗಲ್ಲ, ತನ್ನ ನೆಂಟರ ಜೊತೆಗೆ. ಟಮಿ ಎಂದರೆ ಕೊಯ್ದು ತೆರೆಯುವುದು ಮಾತ್ರ. ಎಕ್ಟಮಿ ಎಂದರೆ ಕೊಯ್ದು ತೆಗೆದುಹಾಕುವುದು. ಸ್ಟಮಿ ಎಂದರೆ ಬಾಯಿ ಮಾಡಿಡುವುದು, ‘ಸ್ಟೋಮಾ’ ಎಂದರೆ ಬಾಯಿ. ದೊಡ್ಡಕರುಳಿನ ಮೇಲೆ ಇಟ್ಟು ನೋಡಿ. ಕೊಲೊಟಮಿಯಲ್ಲಿ ಕರುಳನ್ನು ಕೊಯ್ದು ತೆರೆಯುತ್ತಾರೆ. ಕೊಲೆಕ್ಟಮಿಯಲ್ಲಿ ಕರುಳಿನ ಭಾಗವನ್ನೋ ಪೂರ್ತಿಯನ್ನೋ ತೆಗೆಯುತ್ತಾರೆ. ಕೊಲೊಸ್ಟಮಿಯಲ್ಲಿ ಹೊಟ್ಟೆಯ ಗೋಡೆಯಲ್ಲಿ ತೆರಪು ಮಾಡಿ ಕರುಳಿನ ಬಾಯಿಯನ್ನು ಅಲ್ಲಿಗೆ ಹೊಲಿಯುತ್ತಾರೆ. ಹಳೆಯ ಕಾಗದ ನೋಡಿ ರೋಗಿಯ ಇತಿಹಾಸ ಬರೆಯುವವರು ಇಲ್ಲಿ ಒಂದಕ್ಷರ ತಪ್ಪಿದರೆ ಅಂಗ ಇದೆಯೋ ಇಲ್ಲವೋ ಎಂಬುದೇ ತಪ್ಪುತ್ತದೆ.

‘ಯಾವುದರ ಹೊರಗೆ?’ ಎಂದು ಕೇಳದೆ ಮುಂದೆ ಹೋಗಬೇಡಿ

ಪದ ನಿಜವಾದ ಎಕ್ಟೋ ಎಂದು ಖಾತ್ರಿಯಾದ ಮೇಲೆ ಕೆಲಸ ಅರ್ಧ ಮಾತ್ರ ಮುಗಿದಿದೆ. ಎಕ್ಟೋ ತನ್ನಷ್ಟಕ್ಕೆ ಹೊರಗು ಎನ್ನುತ್ತದೆ, ಯಾವುದಕ್ಕೆ ಹೊರಗು ಎಂದು ಹೇಳುವುದಿಲ್ಲ. ‘ದೇಹದ ಹೊರಗೆ’ ಎಂದು ತಾನಾಗಿ ಊಹಿಸಿಕೊಂಡರೆ ಎಷ್ಟೋ ಸಲ ತಪ್ಪು.

ಎಕ್ಟೋಪ್ಲಾಸ್ಮ್ ಅಮೀಬಾದ ಒಳಗೇ ಇದೆ. ಜೀವದ್ರವ್ಯದ ಹೊರ ಅಂಚಿನ ತಿಳಿಯಾದ, ಜೆಲ್ಲಿಯಂಥ ಪದರ ಅದು. ಅದರ ಒಳಗಿನ ಕಣಭರಿತ, ಹರಿಯುವ ಭಾಗ ಎಂಡೋಪ್ಲಾಸ್ಮ್. ಹೊರಗು ಎಂದರೆ ಇಲ್ಲಿ ಜೀವದ್ರವ್ಯದ ಹೊರಭಾಗ, ಕೋಶದ ಹೊರಗಲ್ಲ. ಇದೇ ಪದವನ್ನು ಆತ್ಮಗಳೊಡನೆ ಮಾತಾಡುತ್ತೇವೆ ಎನ್ನುವವರ ಮೈಯಿಂದ ಹೊರಡುವುದೆಂದು ನಂಬಲಾಗಿದ್ದ ಬಿಳಿ ದ್ರವ್ಯಕ್ಕೂ ಬಳಸಿದರು. ಹಾಗೆ ಬಳಸಿದವರು ಸಾಮಾನ್ಯರಲ್ಲ, 1913ರಲ್ಲಿ ಅನಾಫಿಲಾಕ್ಸಿಸ್ ಎಂಬ ತೀವ್ರ ಅಲರ್ಜಿ ಕುರಿತ ಕೆಲಸಕ್ಕೆ ನೊಬೆಲ್ ಪಡೆದ ಚಾರ್ಲ್ಸ್ ರಿಷೆ. ಜೀವಶಾಸ್ತ್ರದ ಪುಟದಲ್ಲಿ ಆ ಅರ್ಥಕ್ಕೆ ಜಾಗವಿಲ್ಲ.

ಎಕ್ಟೋಸರ್ವಿಕ್ಸ್ ದೇಹದ ಒಳಗೇ ಇದೆ. ಗರ್ಭಕಂಠದಲ್ಲಿ ಯೋನಿಯ ಕಡೆಗೆ ಮುಖ ಮಾಡಿದ ಭಾಗ ಅದು. ಅದರ ಹೊದಿಕೆ ಹಲವು ಪದರಗಳ ಚಪ್ಪಟೆ ಕೋಶಗಳದು. ಗರ್ಭಕಂಠದ ನಾಳದೊಳಗಿನ ಎಂಡೋಸರ್ವಿಕ್ಸ್‌ಗೆ ಒಂದೇ ಪದರದ ಕಂಬದಂಥ ಕೋಶಗಳ ಹೊದಿಕೆ. ಎರಡೂ ಕೂಡುವ ಗಡಿಯ ಸುತ್ತಲಿನ ಪರಿವರ್ತನಾ ವಲಯದಲ್ಲೇ ಗರ್ಭಕಂಠದ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುತ್ತದೆ. ಆದ್ದರಿಂದ ಗರ್ಭಕಂಠದ ಕೋಶಗಳನ್ನು ತೆಗೆದು ನೋಡುವ ಪ್ಯಾಪ್ ಪರೀಕ್ಷೆಯಲ್ಲಿ ಸ್ಪ್ಯಾಚುಲಾವನ್ನು ಎಕ್ಟೋಸರ್ವಿಕ್ಸ್ ಮೇಲೆ ಪೂರ್ತಿ 360 ಡಿಗ್ರಿ ತಿರುಗಿಸುತ್ತಾರೆ, ನಾಳದೊಳಗಿನ ಮಾದರಿಗೆ ಬೇರೆ ಬ್ರಷ್ ಬಳಸುತ್ತಾರೆ. ವರದಿಯಲ್ಲಿ ಎಂಡೋಸರ್ವಿಕಲ್ ಕೋಶಗಳು ಕಂಡುಬಂದಿವೆ ಎಂದಿದ್ದರೆ ಅದು ರೋಗವಲ್ಲ, ಮಾದರಿ ಗಡಿಯ ಒಳಗಿನಿಂದಲೂ ಬಂದಿದೆ ಎಂದರ್ಥ. ಕೆಲವರು ಎಕ್ಟೋಸರ್ವಿಕ್ಸನ್ನೇ ಎಕ್ಸೋಸರ್ವಿಕ್ಸ್ ಎಂದೂ ಬರೆಯುತ್ತಾರೆ. ಅರ್ಥ ಒಂದೇ, ಎರಡು ಬೇರೆ ಅಂಗ ಎಂದು ತಿಳಿಯಬೇಡಿ.

ಎಕ್ಟೋಪ್ಯಾರಸೈಟ್‌ನಲ್ಲಿ ಮಾತ್ರ ಹೊರಗು ಎಂದರೆ ನಿಜವಾಗಿ ಮೈ ಹೊರಗು: ಹೇನು, ಚಿಗಟ, ಉಣ್ಣೆ, ಜಿಗಣೆ. ಆದರೆ ಇಲ್ಲೂ ಗಡಿ ತುಸು ಜಾರುತ್ತದೆ. ಕಜ್ಜಿಯ ಹುಳು ಸಾರ್ಕಾಪ್ಟಿಸ್ ಚರ್ಮ ಕೊರೆದು ಸುರಂಗ ಮಾಡುತ್ತದೆ, ಆದರೂ ಅದು ಎಕ್ಟೋ. ಏಕೆಂದರೆ ಅದು ಕೊರೆಯುವುದು ಚರ್ಮದ ಅತಿ ಮೇಲಿನ ಸತ್ತ ಕೋಶಗಳ ಪದರವನ್ನು. ಹೀಗಾಗಿ ಮೇಲೆ ಹಚ್ಚುವ ಮದ್ದು ಅದಕ್ಕೆ ತಾಗುತ್ತದೆ. 5 ಶೇಕಡ ಪರ್ಮೆತ್ರಿನ್ ಕ್ರೀಮನ್ನು ಕತ್ತಿನಿಂದ ಕೆಳಗೆ ಬೆರಳ ಸಂದು, ಉಗುರಿನಡಿ ಬಿಡದೆ ಹಚ್ಚಿ 8ರಿಂದ 14 ಗಂಟೆ ಬಿಟ್ಟು ತೊಳೆಯುವುದು ರೂಢಿಯ ಚಿಕಿತ್ಸೆ. ಸಾಮಾನ್ಯವಾಗಿ ವಾರದ ಮೇಲೆ ಇನ್ನೊಮ್ಮೆ ಹಚ್ಚುತ್ತಾರೆ. ತುರಿಕೆ ಇದ್ದವರೊಬ್ಬರೇ ಹಚ್ಚಿಕೊಂಡು ಮನೆಯವರು ಬಿಟ್ಟರೆ ಹುಳು ಮತ್ತೆ ಬರುತ್ತದೆ. ಹೆಚ್ಚಿನ ಸೋಲಿಗೆ ಕಾರಣ ಇದೇ.

ಹೆಸರು ನೋಡಿ ಚಿಕಿತ್ಸೆ ಊಹಿಸುವುದು ಎಲ್ಲ ಕಡೆ ಫಲಿಸುವುದಿಲ್ಲ ಎಂಬುದಕ್ಕೆ ಎಕ್ಟೋಥ್ರಿಕ್ಸ್ ಸಾಕ್ಷಿ. ಥ್ರಿಕ್ಸ್ ಎಂದರೆ ಕೂದಲು. ತಲೆಯ ಶಿಲೀಂಧ್ರ ಸೋಂಕಿನಲ್ಲಿ ಬೀಜಕಗಳು ಕೂದಲ ಕಡ್ಡಿಯ ಹೊರಮೈಯಲ್ಲಿ ಕವಚದಂತೆ ಕೂತಿದ್ದರೆ ಎಕ್ಟೋಥ್ರಿಕ್ಸ್, ಕಡ್ಡಿಯೊಳಗೆ ತುಂಬಿದ್ದರೆ ಎಂಡೋಥ್ರಿಕ್ಸ್. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕೂದಲನ್ನು ಮೆದುಗೊಳಿಸಿ ಸೂಕ್ಷ್ಮದರ್ಶಕದಡಿ ಇಟ್ಟರೆ ವ್ಯತ್ಯಾಸ ಕಾಣುತ್ತದೆ. ಬೆಕ್ಕು ನಾಯಿಗಳಿಂದ ಬರುವ ಮೈಕ್ರೋಸ್ಪೋರಮ್ ಕ್ಯಾನಿಸ್ ಎಕ್ಟೋಥ್ರಿಕ್ಸ್ ಬಗೆಯದು, ವುಡ್ಸ್ ದೀಪದ ಅತಿನೇರಳೆ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ. ಟ್ರೈಕೋಫೈಟಾನ್ ಟಾನ್ಸುರಾನ್ಸ್ ಎಂಡೋಥ್ರಿಕ್ಸ್, ಹೊಳೆಯುವುದಿಲ್ಲ. ಹಾಗೆಂದು ಎಕ್ಟೋಥ್ರಿಕ್ಸ್ ಎಲ್ಲವೂ ಹೊಳೆಯುತ್ತದೆ ಎಂಬ ನಿಯಮವೇನಿಲ್ಲ. ಮುಖ್ಯವಾದ ಎಚ್ಚರ ಬೇರೆ: ‘ಹೊರಗೆ’ ಎಂದಿದೆಯಲ್ಲ, ಮುಲಾಮು ಸಾಕು ಎಂದುಕೊಳ್ಳಬಾರದು. ಬೀಜಕ ಹೊರಗೆ ಕಂಡರೂ ಶಿಲೀಂಧ್ರ ಕೂದಲ ಬುಡಕ್ಕೆ ಇಳಿದಿರುತ್ತದೆ. ಎರಡು ಬಗೆಗೂ ನುಂಗುವ ಔಷಧಿಯೇ ಬೇಕು.

ಸಸ್ಯಗಳ ಕಡೆಗೆ ಬಂದರೆ ಎಕ್ಟೋಮೈಕೊರೈಜ. ಶಿಲೀಂಧ್ರ ಬೇರಿನ ಮೇಲೆ ಕವಚ ಹೊದಿಸಿ, ಬೇರಿನ ಒಳಕ್ಕೂ ನುಗ್ಗಿ ಕೋಶಗಳ ಸಂದಿನಲ್ಲಿ ಹಾರ್ಟಿಗ್ ಬಲೆ ಎಂಬ ಜಾಲ ಹೆಣೆಯುತ್ತದೆ. ಆದರೆ ಕೋಶದೊಳಕ್ಕೆ ಹೋಗುವುದಿಲ್ಲ. ಹಾಗಾದರೆ ಇಲ್ಲಿ ‘ಹೊರಗೆ’ ಎಂದರೆ ಬೇರಿನ ಹೊರಗಲ್ಲ, ಕೋಶದ ಹೊರಗೆ. ಪೈನ್, ಓಕ್ ಮರಗಳ ಬೇರಿನಲ್ಲಿ ಇದು ಸಾಮಾನ್ಯ.

ಮಿದುಳು ಹೊರಪದರದಿಂದ ಬಂದದ್ದು ಹೇಗೆ

ಈ ಇಡೀ ಗುಂಪಿನಲ್ಲಿ ಒಂದೇ ಒಂದು ಪದವನ್ನು ಆಳವಾಗಿ ಕಲಿಯಬೇಕೆಂದರೆ ಅದು ಎಕ್ಟೋಡರ್ಮ್. ಭ್ರೂಣ ಮೂರನೆಯ ವಾರದಲ್ಲಿ ಮೂರು ಪದರವಾಗುತ್ತದೆ: ಹೊರಗಿನ ಎಕ್ಟೋಡರ್ಮ್, ನಡುವಿನ ಮೀಸೋಡರ್ಮ್, ಒಳಗಿನ ಎಂಡೋಡರ್ಮ್. ‘ಡರ್ಮ್’ ಎಂದರೆ ಚರ್ಮ ಎಂದು ಕಲಿತವರು ಎಕ್ಟೋಡರ್ಮ್‌ನಿಂದ ಚರ್ಮ ಬರುತ್ತದೆ ಎಂದು ಹೇಳಿ ನಿಲ್ಲುತ್ತಾರೆ. ಎರಡು ಕಡೆ ತಪ್ಪು. ಚರ್ಮದ ಮೇಲುಪದರವಾದ ಎಪಿಡರ್ಮಿಸ್ ಮಾತ್ರ ಇದರದ್ದು. ಕೆಳಗಿನ ಡರ್ಮಿಸ್ ಬಹುಪಾಲು ಮೀಸೋಡರ್ಮ್‌ನದ್ದು. ಇನ್ನು ಮಿದುಳು, ಬೆನ್ನುಹುರಿಗಳೂ ಎಕ್ಟೋಡರ್ಮ್‌ನಿಂದಲೇ ಬಂದವು.

ಮೈಯ ಅತಿ ಒಳಗೆ, ತಲೆಬುರುಡೆಯೊಳಗೆ ಭದ್ರವಾಗಿರುವ ಅಂಗ ಹೊರಪದರದ್ದು ಹೇಗಾಯಿತು? ಬೆನ್ನಿನ ಉದ್ದಕ್ಕೆ ಎಕ್ಟೋಡರ್ಮ್ ದಪ್ಪವಾಗಿ ತಟ್ಟೆಯಾಗುತ್ತದೆ. ತಟ್ಟೆಯ ಅಂಚುಗಳು ಎದ್ದು ನಡುವೆ ಕಾಲುವೆಯಾಗುತ್ತದೆ. ಅಂಚುಗಳು ಕೂಡಿಕೊಂಡು ಕೊಳವೆಯಾಗಿ ಮೇಲ್ಮೈಯಿಂದ ಬೇರ್ಪಟ್ಟು ಒಳಕ್ಕೆ ಇಳಿಯುತ್ತದೆ. ಈ ನರಕೊಳವೆ ಸುಮಾರು 28ನೆಯ ದಿನದ ಹೊತ್ತಿಗೆ ಮುಚ್ಚಿಕೊಳ್ಳಬೇಕು. ತಲೆಯ ಕಡೆ ಮುಚ್ಚದಿದ್ದರೆ ಅನೆನ್ಸೆಫಲಿ (ಮಿದುಳು, ತಲೆಬುರುಡೆ ಪೂರ್ತಿ ಬೆಳೆಯದಿರುವುದು), ಕೆಳತುದಿಯಲ್ಲಿ ಮುಚ್ಚದಿದ್ದರೆ ಸ್ಪೈನಾ ಬೈಫಿಡಾ (ಬೆನ್ನುಮೂಳೆ ಕೂಡದೆ ಸೀಳಿರುವುದು). 28ನೆಯ ದಿನಕ್ಕೆ ಎಷ್ಟೋ ತಾಯಂದಿರಿಗೆ ಗರ್ಭ ನಿಂತದ್ದೇ ತಿಳಿದಿರುವುದಿಲ್ಲ. ಅದಕ್ಕೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಗರ್ಭ ನಿಲ್ಲುವ ಮೊದಲೇ ಶುರು ಮಾಡಲು ಹೇಳುವುದು.

ಪಟ್ಟಿ ಮಾಡಿ ಓದುವುದಾದರೆ ಮೂರು ಪಾಲು ಮಾಡಿಕೊಳ್ಳಿ. ಮೇಲ್ಮೈ ಎಕ್ಟೋಡರ್ಮ್‌ನಿಂದ ಎಪಿಡರ್ಮಿಸ್, ಕೂದಲು, ಉಗುರು, ಬೆವರು ಗ್ರಂಥಿ, ಸ್ತನ ಗ್ರಂಥಿ, ಹಲ್ಲಿನ ಎನಾಮೆಲ್, ಕಣ್ಣಿನ ಮಸೂರ, ಪಿಟ್ಯುಟರಿಯ ಮುಂಭಾಗ. ನರಕೊಳವೆಯಿಂದ ಮಿದುಳು, ಬೆನ್ನುಹುರಿ, ರೆಟಿನಾ, ಪಿಟ್ಯುಟರಿಯ ಹಿಂಭಾಗ. ಕೊಳವೆಯ ಅಂಚಿನಿಂದ ಹೊರಟು ದೂರ ದೂರ ವಲಸೆ ಹೋಗುವ ನ್ಯೂರಲ್ ಕ್ರೆಸ್ಟ್ ಕೋಶಗಳಿಂದ ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್, ಬೆನ್ನುಹುರಿಯ ಪಕ್ಕದ ನರಗಂಟುಗಳು, ಅಡ್ರಿನಲ್ ಗ್ರಂಥಿಯ ತಿರುಳು, ಹಲ್ಲಿನ ಡೆಂಟಿನ್. ಪರೀಕ್ಷೆಯಲ್ಲಿ ಬೀಳುವ ಗುಂಡಿಗಳೂ ಈ ಪಟ್ಟಿಯಲ್ಲೇ ಇವೆ. ಒಂದೇ ಕಣ್ಣಿನಲ್ಲಿ ಮಸೂರ ಒಂದು ಪಾಲಿನದು, ರೆಟಿನಾ ಇನ್ನೊಂದು ಪಾಲಿನದು. ಒಂದೇ ಹಲ್ಲಿನಲ್ಲಿ ಎನಾಮೆಲ್‌ಗೂ ಡೆಂಟಿನ್‌ಗೂ ಮೂಲ ಬೇರೆ. ಅಡ್ರಿನಲ್‌ನ ಹೊರಭಾಗವಂತೂ ಎಕ್ಟೋಡರ್ಮ್ ಅಲ್ಲವೇ ಅಲ್ಲ, ಮೀಸೋಡರ್ಮ್.

ಇಷ್ಟನ್ನು ಏಕೆ ಅರಿಯಬೇಕು ಎನ್ನುವವರಿಗೆ ರೋಗಿಯ ಹಾಸಿಗೆಯ ಪಕ್ಕದಲ್ಲಿ ಉತ್ತರವಿದೆ. ಕೂದಲು ವಿರಳ, ಹಲ್ಲು ಚೂಪು ಅಥವಾ ಇಲ್ಲವೇ ಇಲ್ಲ, ಬೆವರು ಬರುವುದಿಲ್ಲ ಎಂಬ ಮೂರು ದೂರು ಒಂದೇ ಮಗುವಿನಲ್ಲಿ ಕಂಡರೆ ಮೂರು ರೋಗ ಹುಡುಕಬೇಕಿಲ್ಲ. ಮೂರೂ ಒಂದೇ ಪದರದ ಮಕ್ಕಳು, ಎಕ್ಟೋಡರ್ಮಲ್ ಡಿಸ್ಪ್ಲೇಸಿಯಾ ಎಂದು ಯೋಚಿಸಬೇಕು. ಬೆವರದ ಮಗುವಿಗೆ ಬಿಸಿಲು, ಜ್ವರ ಅಪಾಯ. ಇನ್ನೊಂದು ಉದಾಹರಣೆ ಮೂಲವ್ಯಾಧಿ. ಗುದನಾಳದ ನಡುವೆ ಪೆಕ್ಟಿನೇಟ್ ಗೆರೆ ಎಂಬ ಗಡಿಯಿದೆ. ಗೆರೆಯ ಮೇಲಿನದು ಎಂಡೋಡರ್ಮ್, ಕೆಳಗಿನದು ಎಕ್ಟೋಡರ್ಮ್. ಕೆಳಭಾಗಕ್ಕೆ ಚರ್ಮದಂತೆ ನೋವು ತಿಳಿಸುವ ನರಗಳಿವೆ, ಮೇಲ್ಭಾಗಕ್ಕೆ ಇಲ್ಲ. ಹಾಗಾಗಿ ಒಳಮೂಲವ್ಯಾಧಿ ಸಾಮಾನ್ಯವಾಗಿ ನೋವಿಲ್ಲದೆ ರಕ್ತ ಸುರಿಸುತ್ತದೆ, ಹೊರಮೂಲವ್ಯಾಧಿಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಕೂರಲಾಗದಷ್ಟು ನೋವು.

ಎಕ್ಟೋ ಮತ್ತು ಎಕ್ಸೋ ಎದುರಾದಾಗ

ಕೆಲವು ಜೋಡಿಗಳಲ್ಲಿ ಎರಡೂ ಪೂರ್ವಪದ ಒಂದೇ ಮೂಲಪದಕ್ಕೆ ಅಂಟಿಕೊಂಡು ಬೇರೆ ಬೇರೆ ಅರ್ಥ ಕೊಡುತ್ತವೆ. ಆಗ ‘ಸ್ಥಾನವೋ, ಚಲನೆಯೋ’ ಎಂದು ಕೇಳಿ.

ಎಕ್ಟೋಎಂಜೈಮ್ ಕೋಶದ ಹೊರಮೈಗೆ ಅಂಟಿಕೊಂಡೇ ಕೆಲಸ ಮಾಡುತ್ತದೆ, ಅದರ ಕ್ರಿಯಾಕೇಂದ್ರ ಹೊರಗೆ ಮುಖ ಮಾಡಿರುತ್ತದೆ. ಎಕ್ಸೋಎಂಜೈಮ್ ಕೋಶವನ್ನು ಬಿಟ್ಟು ಹೊರಗೆ ಸ್ರವಿಸಿಹೋಗುತ್ತದೆ. ಮೊದಲನೆಯದು ಸ್ಥಾನ, ಎರಡನೆಯದು ಚಲನೆ. ಕೊಳೆತ ಎಲೆಯ ಮೇಲೆ ಬೆಳೆವ ಶಿಲೀಂಧ್ರ ಹೊರಸೂಸಿ ಆಹಾರ ಕರಗಿಸಿಕೊಳ್ಳುವುದು ಎಕ್ಸೋಎಂಜೈಮಿನಿಂದ.

ಎಕ್ಟೋಥರ್ಮಿಕ್ ಮತ್ತು ಎಕ್ಸೋಥರ್ಮಿಕ್ ಇನ್ನೂ ಕೆಟ್ಟ ಜೋಡಿ. ಎಕ್ಸೋಥರ್ಮಿಕ್ ಕ್ರಿಯೆ ಉಷ್ಣವನ್ನು ಹೊರಕ್ಕೆ ಬಿಡುತ್ತದೆ, ನಮ್ಮ ಪಠ್ಯಗಳ ಬಹಿರುಷ್ಣಕ ಕ್ರಿಯೆ. ಎಕ್ಟೋಥರ್ಮ್ ಎಂದರೆ ಉಷ್ಣವನ್ನು ಹೊರಗಿನಿಂದ ಪಡೆಯುವ ಪ್ರಾಣಿ: ಹಾವು, ಹಲ್ಲಿ, ಕಪ್ಪೆ, ಹೆಚ್ಚಿನ ಮೀನುಗಳು. ದಿಕ್ಕು ಪೂರ್ತಿ ತಿರುಗುಮುರುಗು. ಎಕ್ಟೋಥರ್ಮನ್ನು ‘ಶೀತರಕ್ತ ಪ್ರಾಣಿ’ ಎನ್ನುವುದನ್ನು ಬಿಡುವುದೇ ಒಳ್ಳೆಯದು. ಬಿಸಿಲು ಕಾಯಿಸಿಕೊಂಡ ಮರುಭೂಮಿಯ ಹಲ್ಲಿಯ ಮೈ ನಮ್ಮ ಮೈಗಿಂತ ಬಿಸಿಯಾಗಿರಬಲ್ಲದು.

ಕಣ್ಣಿನ ವಿಭಾಗದಲ್ಲಿ ಎಕ್ಟ್ರೋಪಿಯಾನ್, ಎಕ್ಸೋಟ್ರೋಪಿಯಾ ಎರಡರಲ್ಲೂ ‘ತಿರುಗು’ ಎಂಬ ಒಂದೇ ಧಾತು ಇದೆ. ಎಕ್ + ಟ್ರೋಪ್ ಎಂದಾಗ ರೆಪ್ಪೆ ಹೊರಕ್ಕೆ ಮಗುಚುತ್ತದೆ, ಎಕ್ಸೋ + ಟ್ರೋಪ್ ಎಂದಾಗ ಕಣ್ಣುಗುಡ್ಡೆ ಕಿವಿಯ ಕಡೆಗೆ ವಾಲುತ್ತದೆ. ಇದರ ಎದುರು ಎಸೋಟ್ರೋಪಿಯಾ, ಮೂಗಿನ ಕಡೆಗೆ. ಓರೆಗಣ್ಣು ಗುರುತಿಸುವ ಕವರ್ ಪರೀಕ್ಷೆಯಲ್ಲಿ ನೆಟ್ಟ ಕಣ್ಣನ್ನು ಮುಚ್ಚಿದಾಗ ಇನ್ನೊಂದು ಕಣ್ಣು ಮೂಗಿನ ಕಡೆಗೆ ಸರಿದು ಗುರಿ ಹಿಡಿದರೆ ಅದು ಎಕ್ಸೋ. ಹೊಸಬರು ಕಣ್ಣು ಸರಿದ ದಿಕ್ಕನ್ನೇ ಬರೆದು ಉಲ್ಟಾ ಮಾಡುತ್ತಾರೆ. ಬರೆಯಬೇಕಾದದ್ದು ಎಲ್ಲಿಂದ ಬಂತು ಎಂಬುದನ್ನು. ಎಕ್ಟ್ರೋಪಿಯಾನ್ ಗರ್ಭಕಂಠಕ್ಕೂ ಬರುತ್ತದೆ. ನಾಳದ ಕಂಬಕೋಶಗಳು ಎಕ್ಟೋಸರ್ವಿಕ್ಸ್ ಮೇಲೆ ಹೊರಳಿ ಕೆಂಪಾಗಿ ಕಾಣುವುದು. ಹದಿಹರೆಯದಲ್ಲಿ, ಗರ್ಭಿಣಿಯರಲ್ಲಿ ಇದು ಸಹಜ. ನೋಡಲು ಹುಣ್ಣಿನಂತಿದ್ದರೂ ಹುಣ್ಣಲ್ಲ.

ಎಕ್ಸೋಕ್ರೈನ್, ಎಂಡೋಕ್ರೈನ್ ಗ್ರಂಥಿಗಳ ನಡುವೆ ತೊಡಕಿಲ್ಲ. ಮೊದಲನೆಯದು ನಾಳದ ಮೂಲಕ ಮೇಲ್ಮೈಗೆ ಸುರಿಸುತ್ತದೆ, ಎರಡನೆಯದು ರಕ್ತಕ್ಕೆ. ಎಕ್ಸೋಟಾಕ್ಸಿನ್ ಬದುಕಿರುವ ಬ್ಯಾಕ್ಟೀರಿಯಾ ಹೊರಸೂಸುವ ಪ್ರೋಟೀನ್. ಎಂಡೋಟಾಕ್ಸಿನ್ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾದ ಹೊರಪೊರೆಯಲ್ಲೇ ಇರುವ ಲೈಪೋಪಾಲಿಸ್ಯಾಕರೈಡ್, ಮುಖ್ಯವಾಗಿ ಜೀವಾಣು ಒಡೆದಾಗ ಬಿಡುಗಡೆಯಾಗುತ್ತದೆ. ಹೆಸರಲ್ಲಿ ‘ಒಳಗು’ ಇದ್ದರೂ ಅದು ಕೂತಿರುವುದು ಹೊರಪೊರೆಯಲ್ಲಿ! ಧನುರ್ವಾಯು, ಗಂಟಲಮಾರಿಯ ಲಸಿಕೆಗಳು ಎಕ್ಸೋಟಾಕ್ಸಿನ್ನನ್ನು ಫಾರ್ಮಾಲಿನ್‌ನಿಂದ ನಂಜಿಲ್ಲದಂತೆ ಮಾಡಿದ ಟಾಕ್ಸಾಯ್ಡ್‌ಗಳು. ಎಂಡೋಟಾಕ್ಸಿನ್ನಿಗೆ ಈ ಉಪಾಯ ನಡೆಯುವುದಿಲ್ಲ.

ಜೀನಿನ ಒಂದು ಭಾಗದ ಹೆಸರಾದ ಎಕ್ಸಾನ್ ಈ ಸಾಲಿಗೆ ಸೇರಿದಂತೆ ಕಂಡರೂ ಸೇರಿಲ್ಲ. 1978ರಲ್ಲಿ ವಾಲ್ಟರ್ ಗಿಲ್ಬರ್ಟ್ ಅದನ್ನು ಕಟ್ಟಿದ್ದು ‘ಎಕ್ಸ್‌ಪ್ರೆಸ್’ ಆಗುವ ಭಾಗ ಎಂಬ ಅರ್ಥದಲ್ಲಿ. ಹೊರಗೆ ಎಂದು ಭಾವಿಸಿದವರು ಎಕ್ಸಾನ್‌ಗಳನ್ನು ಕತ್ತರಿಸಿ ಹೊರಗೆಸೆಯುತ್ತಾರೆ ಎಂದು ಬರೆದುಬಿಡುತ್ತಾರೆ. ಕತ್ತರಿಸಿ ತೆಗೆಯುವುದು ಅವುಗಳ ನಡುವಿರುವ ಇಂಟ್ರಾನ್‌ಗಳನ್ನು.

ಎಕ್ಟೋಪಿಕ್ ಓದುವಾಗ

ಇದನ್ನು ಯಾವಾಗಲೂ ‘ಜಾಗ ತಪ್ಪಿದ’ ಎಂದು ಓದಿ, ‘ಹೊರಗಿನ’ ಎಂದಲ್ಲ. ಹೃದಯದ ಎಕ್ಟೋಪಿಕ್ ಬಡಿತ ಹೃದಯದ ಹೊರಗೆ ಹುಟ್ಟುವುದಿಲ್ಲ, ಬಡಿತ ಸಹಜವಾಗಿ ಶುರುವಾಗುವ ಸೈನಸ್ ಗಂಟನ್ನು ಬಿಟ್ಟು ಹೃದಯದ ಇನ್ನೆಲ್ಲೋ ಹುಟ್ಟುತ್ತದೆ. ನಾಲಿಗೆಯ ಬುಡದಲ್ಲಿ ಉಳಿದುಹೋದ ಥೈರಾಯ್ಡ್ ಎಕ್ಟೋಪಿಕ್. ಮಾರ್ಫನ್ ಸಿಂಡ್ರೋಮ್ ಎಂಬ ಆನುವಂಶಿಕ ಕಾಯಿಲೆಯಲ್ಲಿ ಕಣ್ಣಿನ ಮಸೂರ ಜಾರುವುದು ಎಕ್ಟೋಪಿಯಾ ಲೆಂಟಿಸ್, ಕಣ್ಣಿನೊಳಗೇ ಇದ್ದು ಸಾಮಾನ್ಯವಾಗಿ ಮೇಲಕ್ಕೆ ಸರಿದಿರುತ್ತದೆ. ಎಕ್ಟೋಪಿಕ್ ಗರ್ಭ ಬಹುತೇಕ ಗರ್ಭನಾಳದಲ್ಲಿ (ಫಾಲೋಪಿಯನ್ ನಾಳ) ನಿಲ್ಲುತ್ತದೆ. ಮುಟ್ಟು ತಪ್ಪಿದವರಿಗೆ ಕೆಳಹೊಟ್ಟೆಯಲ್ಲಿ ತೀವ್ರ ನೋವು, ರಕ್ತಸ್ರಾವ, ಭುಜದ ತುದಿಯಲ್ಲಿ ನೋವು, ತಲೆಸುತ್ತು ಬಂದರೆ ಪದ ಬಿಡಿಸುತ್ತಾ ಕೂರದೆ ಆಸ್ಪತ್ರೆಗೆ ಓಡಬೇಕು. ನಾಳ ಒಡೆದರೆ ಒಳಗೆ ರಕ್ತ ಸುರಿಯುತ್ತದೆ.

ಕನ್ನಡಕ್ಕೆ ತರುವಾಗ

ಎಲ್ಲಕ್ಕೂ ‘ಬಾಹ್ಯ’ ಅಂಟಿಸುವುದು ಸೋಮಾರಿತನ. ಬಾಹ್ಯ ಪರಾವಲಂಬಿ ಸರಿ, ಏಕೆಂದರೆ ಅದು ನಿಜಕ್ಕೂ ಮೈ ಹೊರಗಿದೆ. ಎಕ್ಟೋಡರ್ಮ್‌ಗೆ ‘ಹೊರಚರ್ಮ’ ಎಂದರೆ ಎಪಿಡರ್ಮಿಸ್ ಜೊತೆ ಕಲಸಿಹೋಗುತ್ತದೆ. ‘ಭ್ರೂಣದ ಹೊರಪದರ’ ಎಂದರೆ ಸ್ಪಷ್ಟ. ಎಪಿ ಎಂದರೆ ಮೇಲೆ, ಪೆರಿ ಎಂದರೆ ಸುತ್ತ, ಲ್ಯಾಟಿನ್ನಿನ ಎಕ್ಸ್ಟ್ರಾ ಎಂದರೆ ಆಚೆ. ಈ ಮೂರನ್ನೂ ‘ಬಾಹ್ಯ’ ಮಾಡಿದರೆ ಓದುಗನಿಗೆ ವ್ಯತ್ಯಾಸವೇ ಸಿಗದು. ಎಕ್ಸೋಕ್ರೈನ್, ಎಂಡೋಕ್ರೈನ್‌ಗೆ ನಾಳಗ್ರಂಥಿ, ನಿರ್ನಾಳಗ್ರಂಥಿ ಎಂದು ಮಾಡಿದವರ ಜಾಣ್ಮೆ ಮೆಚ್ಚಬೇಕು. ಪೂರ್ವಪದವನ್ನು ಹಿಡಿದು ಜಗ್ಗದೆ, ಗ್ರಂಥಿಯ ಗುಣವನ್ನೇ ಹೆಸರಾಗಿಸಿದರು.

ಕೈಗೆ ಒಂದಷ್ಟು ಪದ

ಕೆಳಗಿನವನ್ನು ಮೊದಲು ನೀವೇ ಒಡೆದು, ಆಮೇಲೆ ಮುಂದೆ ಓದಿ: ಎಕ್ಸಿಮಾ, ಎಕ್ಟ್ರೋಡ್ಯಾಕ್ಟಿಲಿ, ಎಕ್ಟೋಮೀಸೆಂಕೈಮ್, ಎಂಡೆಕ್ಟೋಸೈಡ್.

ಎಕ್ಸಿಮಾ: ಎಕ್ ಜೊತೆಗೆ ‘ಕುದಿ’ ಎಂಬ ಧಾತು, ಕುದಿದು ಉಕ್ಕಿದ್ದು. ಎಕ್ಟೋ ಇಲ್ಲ.

ಎಕ್ಟ್ರೋಡ್ಯಾಕ್ಟಿಲಿ: ಇದರಲ್ಲೂ ಎಕ್ಟೋ ಇಲ್ಲ, ‘ಟ್ರ’ಕಾರವೇ ಸುಳಿವು. ಗ್ರೀಕಿನ ‘ಎಕ್ಟ್ರೋಮಾ’ ಎಂದರೆ ಗರ್ಭಸ್ರಾವ, ಬೆಳೆಯದೆ ಹೋದದ್ದು. ನಡುಬೆರಳುಗಳು ಬೆಳೆಯದೆ ಕೈ ಅಥವಾ ಪಾದ ಸೀಳಿದಂತಿರುವ ಜನ್ಮದೋಷ.

ಎಕ್ಟೋಮೀಸೆಂಕೈಮ್: ಎಕ್ಟೋ ನಿಜ, ಆದರೆ ಅದು ಹೇಳುವುದು ಸ್ಥಾನವನ್ನಲ್ಲ, ಮೂಲವನ್ನು. ಎಕ್ಟೋಡರ್ಮ್‌ನ ನ್ಯೂರಲ್ ಕ್ರೆಸ್ಟ್‌ನಿಂದ ಬಂದ ಮೀಸೆಂಕೈಮ್ (ಭ್ರೂಣದ ಸಡಿಲ ಅಂಗಾಂಶ), ಮುಖದ ಮೂಳೆಗಳನ್ನು ಕಟ್ಟುವುದು ಇದೇ. ‘ಎಕ್ಟೋ’ ಎಂಬುದು ‘ಎಕ್ಟೋಡರ್ಮಿನ’ ಎಂಬುದಕ್ಕೆ ಕುಗ್ಗಿದ ರೂಪವಾಗಿ ಬರುವ ಇಂಥ ಪದಗಳಲ್ಲಿ ‘ಯಾವುದರ ಹೊರಗೆ’ ಬದಲು ‘ಎಲ್ಲಿಂದ ಬಂದದ್ದು’ ಎಂದು ಕೇಳಬೇಕು.

ಎಂಡೆಕ್ಟೋಸೈಡ್: ಎಂಡೋ + ಎಕ್ಟೋ + ಸೈಡ್, ನಡುವಿನ ಸ್ವರ ಲೋಪವಾಗಿ ಕೂಡಿದೆ, ನಮ್ಮ ಲೋಪಸಂಧಿಯ ಹಾಗೆಯೇ. ಒಳ ಮತ್ತು ಹೊರ ಪರಾವಲಂಬಿಗಳೆರಡನ್ನೂ ಕೊಲ್ಲುವ ಮದ್ದು. ಐವರ್ಮೆಕ್ಟಿನ್ ಅಂಥದು, ಅದರ ತಾಯಿಪದವಾದ ಅವರ್ಮೆಕ್ಟಿನ್ನಲ್ಲೇ ಎರಡೂ ಅಡಗಿವೆ: ‘ವರ್ಮ್’ ಒಳಗಿನ ಹುಳುವಿಗೆ, ‘ಎಕ್ಟ್’ ಹೊರಗಿನ ಹೇನು ಉಣ್ಣೆಗಳಿಗೆ.